ಹೊಗೆಗೊಳವೆಯ ಹಕ್ಕಲು

ಸಾಹಿತ್ಯದ ಅಧ್ಯಾಪಕನೊಬ್ಬ ಲೋಹಗಳ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಸಂಶಯ ಬರುವುದು ಸಹಜ. ಆದುದರಿಂದ ನನ್ನ ಅಧಿಕಾರ ಎಷ್ಟರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕನ್ನಡ ಎಂ.ಎ. ಓದಿದವನು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ರಸಾಯನಶಾಸ್ತ್ರದೊಡನೆ ನನಗಿದ್ದ ಪರಿಚಯವೆಲ್ಲ ಒಂದೇ ಒಂದು ಲೋಹದ ಚೂರಿನದು. ಆ ಚೂರನ್ನು ನನ್ನ ಕೈಗೆ ಕೊಟ್ಟವನು ವಿಜ್ಞಾನಿಯಲ್ಲ, ಕವಿ.

ಟಿ. ಎಸ್. ಎಲಿಯಟ್ 1919ರಲ್ಲಿ ಪ್ರಕಟಿಸಿದ, ಪರಂಪರೆಯನ್ನೂ ವೈಯಕ್ತಿಕ ಪ್ರತಿಭೆಯನ್ನೂ ಕುರಿತ ಪ್ರಬಂಧ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಕವಿಯ ಮನಸ್ಸು ಕೆಲಸ ಮಾಡುವ ಬಗೆಯನ್ನು ವಿವರಿಸಲು ಆತ ಪ್ರಯೋಗಶಾಲೆಯಿಂದ ಒಂದು ಹೋಲಿಕೆಯನ್ನು ತರುತ್ತಾನೆ. ಆಮ್ಲಜನಕವೂ ಗಂಧಕದ ಡೈಆಕ್ಸೈಡೂ ಇರುವಲ್ಲಿ ಪ್ಲಾಟಿನಂ ತಂತಿಯ ಚೂರೊಂದನ್ನು ಇಟ್ಟರೆ ಆ ಎರಡು ಅನಿಲಗಳು ಕೂಡಿಕೊಂಡು ಆಮ್ಲವಾಗುತ್ತವೆ. ಪ್ಲಾಟಿನಂ ಇಲ್ಲದೆ ಈ ಕೂಟ ನಡೆಯದು. ಆದರೂ ಹುಟ್ಟಿದ ಆಮ್ಲದಲ್ಲಿ ಪ್ಲಾಟಿನಮ್ಮಿನ ಸುಳಿವಿರುವುದಿಲ್ಲ. ಪ್ಲಾಟಿನಂ ಕೂಡ ಇದ್ದಂತೆಯೇ ಇರುತ್ತದೆ. ಕವಿಯ ಮನಸ್ಸು ಆ ಚೂರಿನಂಥದು ಎಂಬುದು ಎಲಿಯಟ್ಟನ ವಾದ. ಇದನ್ನು ಕಪ್ಪುಹಲಗೆಯ ಮೇಲೆ ಒಂದು ಪೆಟ್ಟಿಗೆ ಬರೆದು, ಅದರೊಳಗೊಂದು ತಂತಿ ಬರೆದು, ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ.

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಆ ತಂತಿ ಎಷ್ಟು ವರ್ಷ ಬಾಳುತ್ತದೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, “ಕವಿತೆ ಇರುವಷ್ಟು ಕಾಲ” ಎಂದು ಜಾಣತನದ ಉತ್ತರ ಕೊಟ್ಟು ಮುಂದಿನ ಪುಟಕ್ಕೆ ಹೋದೆ. ಆ ಪ್ರಶ್ನೆ ನಗುವಂಥದಲ್ಲವೆಂಬುದು ನನಗೆ ತಿಳಿದದ್ದು ನಿವೃತ್ತನಾಗಿ ಶ್ರೀರಾಮನಗರದಲ್ಲಿ ನೆಲೆಸಿದ ಮೇಲೆ, ಅದೂ ನನ್ನ ಹಳೆಯ ಕಾರಿನ ಹೊಟ್ಟೆಯ ಕೆಳಗಿನಿಂದ.

ಗಂಗಾವತಿಯ ಮಗ್ಗುಲಿನ ನಮ್ಮೂರು ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರನ್ನು ನಂಬಿ ಬೆಳೆದದ್ದು. ಬೀದಿಯಲ್ಲಿ ಕನ್ನಡದಷ್ಟೇ ತೆಲುಗೂ ಕೇಳಿಸುತ್ತದೆ. ಸುತ್ತಲೂ ಗದ್ದೆ, ಗದ್ದೆಯ ನಡುವೆ ಅಕ್ಕಿಯ ಗಿರಣಿಗಳು. ಇಲ್ಲಿಗೆ ಬಂದ ಎರಡನೆಯ ವರ್ಷ ನನ್ನ ಕಾರು ಏರುದಾರಿಯಲ್ಲಿ ಉಸಿರುಗಟ್ಟಿದಂತೆ ಮುಕ್ಕರಿಯತೊಡಗಿತು. ಒಂದು ದುರಸ್ತಿ ಅಂಗಡಿಯಲ್ಲಿ ತೋರಿಸಿದೆ. ಅವರು ಹೊಗೆಗೊಳವೆಯ ನಡುವೆ ಇದ್ದ, ಉಬ್ಬಿದ ಡಬ್ಬಿಯಂಥ ಭಾಗವೊಂದನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಬರಿಯ ಕೊಳವೆಯೊಂದನ್ನು ಬೆಸೆದರು. “ಇದು ಕಟ್ಟಿಕೊಂಡಿತ್ತು ಸರ್, ಇದಿಲ್ಲದಿದ್ದರೂ ನಡೆಯುತ್ತದೆ” ಎಂದರು. ಆ ಡಬ್ಬಿಗೆ ಎಂಟುನೂರು ರೂಪಾಯಿ ಹಿಡಿದುಕೊಂಡು ಮಿಕ್ಕ ಬಿಲ್ಲನ್ನು ಪಡೆದರು. ಕಸಕ್ಕೆ ಎಂಟುನೂರು ಬಂದಿತಲ್ಲಾ ಎಂದು ನಾನು ಸಂತೋಷಪಟ್ಟೆ.

ಒಂದು ವಾರದ ಮೇಲೆ ಸಂಜೆಯ ನಡಿಗೆಯಲ್ಲಿ ಗುಜರಿ ಅಂಗಡಿಯೊಂದರ ಮುಂದೆ ಹಾಯುತ್ತಿದ್ದಾಗ, ಹದಿನಾರು ಹದಿನೇಳರ ಹುಡುಗನೊಬ್ಬ ಅಂಥದೇ ಡಬ್ಬಿಗಳನ್ನು ಸುತ್ತಿಗೆಯಿಂದ ಒಡೆಯುತ್ತ ಕುಳಿತದ್ದನ್ನು ಕಂಡೆ. ಒಳಗಿನಿಂದ ಜೇನುಹುಟ್ಟಿನಂಥ ಬೂದುಬಣ್ಣದ ಹೆಂಟೆಗಳು ಬೀಳುತ್ತಿದ್ದವು. ಪುಡಿ ಅವನ ರೆಪ್ಪೆಯ ಮೇಲೆ, ತುಟಿಯ ಮೇಲೆ, ತೋಳಿನ ಮೇಲೆ ಕುಳಿತಿತ್ತು. ಅವನು ಕೆಮ್ಮುತ್ತಿದ್ದ; ಕೆಮ್ಮು ನಿಂತೊಡನೆ ಮತ್ತೆ ಸುತ್ತಿಗೆ ಎತ್ತುತ್ತಿದ್ದ. “ಏನಪ್ಪಾ ಇದು?” ಎಂದೆ. “ಬೆಳ್ಳಿ ಮಣ್ಣು ಸರ್. ದೂರದಿಂದ ಬಂದು ತೂಕದ ಮೇಲೆ ಒಯ್ಯುತ್ತಾರೆ” ಎಂದ.

ಅಂದು ರಾತ್ರಿ ನನ್ನ ಹಳೆಯ ಶಿಷ್ಯನೊಬ್ಬನಿಗೆ ದೂರವಾಣಿ ಮಾಡಿದೆ. ಅವನು ಪದವಿ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿ, ಆಮೇಲೆ ರಸಾಯನಶಾಸ್ತ್ರಕ್ಕೆ ಹೋಗಿ, ತೈಲ ಶುದ್ಧೀಕರಣದ ಉದ್ಯಮದಲ್ಲಿ ಕೆಲಸ ಮಾಡಿದವನು. ನನ್ನ ಕಥೆಯನ್ನೆಲ್ಲ ಕೇಳಿ ಅವನು ಹೇಳಿದ ಮೊದಲ ಮಾತು: “ಸರ್, ನೀವು ಎಲಿಯಟ್ಟನ ತಂತಿಯನ್ನೇ ಎಂಟುನೂರು ರೂಪಾಯಿಗೆ ಮಾರಿದ್ದೀರಿ.” ಮುಂದೆ ನಾನು ಹೇಳುವುದು ಅವನಿಂದ ಕೇಳಿ ತಿಳಿದು, ಬಳಿಕ ಪುಸ್ತಕಗಳಲ್ಲಿ ಓದಿ ಖಚಿತಪಡಿಸಿಕೊಂಡದ್ದು.

ತಾನು ವ್ಯಯವಾಗದೆ ಬೇರೆ ಪದಾರ್ಥಗಳ ಕೂಡುವಿಕೆಯನ್ನೋ ಬೇರ್ಪಡುವಿಕೆಯನ್ನೋ ಚುರುಕುಗೊಳಿಸುವ ವಸ್ತುವಿಗೆ ನಮ್ಮ ಪಠ್ಯಪುಸ್ತಕಗಳು ಕ್ರಿಯಾವರ್ಧಕ ಎನ್ನುತ್ತವೆ. ವೇಗವರ್ಧಕವೆಂಬ ಮಾತೂ ರೂಢಿಯಲ್ಲಿದೆ. ಇಂಥ ಕ್ರಿಯೆಗೆ 1835ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಬರ್ಜೀಲಿಯಸ್. ಅದಕ್ಕೂ ಮೊದಲೇ, 1823ರಲ್ಲಿ, ಜರ್ಮನಿಯ ಡೋಬರೈನರ್ ಪ್ಲಾಟಿನಮ್ಮಿನ ಹತ್ತಿಯಂಥ ಪುಡಿಯ ಮೇಲೆ ಜಲಜನಕವನ್ನು ಊದಿದಾಗ ಬೆಂಕಿಕಡ್ಡಿಯಿಲ್ಲದೆ ಜ್ವಾಲೆ ಎದ್ದಿತು. ಅದನ್ನೇ ದೀಪ ಹೊತ್ತಿಸುವ ಉಪಕರಣವನ್ನಾಗಿ ಜನ ಬಳಸಿದರು. ಹೆಪ್ಪು ಹಾಕಿದಂತೆ ಎಂದು ಹೋಲಿಸೋಣವೆಂದರೆ, ಹೆಪ್ಪು ಹಾಲಿನಲ್ಲಿ ಬೆರೆತು ತಾನೂ ಮೊಸರಾಗಿಬಿಡುತ್ತದೆ. ಮದುವೆಗಳನ್ನು ಕೂಡಿಸುವ ಹಿರಿಯನ ಹೋಲಿಕೆ ಹೆಚ್ಚು ಹೊಂದುತ್ತದೆ. ಎರಡು ಮನೆಗಳನ್ನು ಒಂದೆಡೆಗೆ ತಂದು, ಮಾತು ಮುಗಿಸಿ, ತನ್ನ ಕೊಡೆಯನ್ನು ಎತ್ತಿಕೊಂಡು ಮುಂದಿನ ಊರಿಗೆ ನಡೆಯುವವನು ಅವನು.

ನನ್ನ ಕಾರಿನ ಡಬ್ಬಿ ಇಂಥ ಮಧ್ಯಸ್ಥರು ತುಂಬಿದ ಮನೆ. ಹೊರಗೆ ಉಕ್ಕಿನ ಕವಚ. ಒಳಗೆ ಕಾರ್ಡಿಯರೈಟ್ ಎಂಬ ಪಿಂಗಾಣಿಯ ಹುಟ್ಟು. ಅದರ ತುಂಬ ಉದ್ದಕ್ಕೆ ಸಾಗುವ ಸಣ್ಣ ಸಣ್ಣ ಕೊಳವೆಗಳು. ಒಂದು ಚದರ ಅಂಗುಲದ ಮುಖದಲ್ಲಿ ಸಾಮಾನ್ಯವಾಗಿ 400 ಕಿಂಡಿಗಳು. ಅವುಗಳ ಗೋಡೆಗೆ ಅಲ್ಯೂಮಿನಾದ ತೆಳುವಾದ ಲೇಪ. ಈ ಲೇಪ ಕಣ್ಣಿಗೆ ನುಣುಪಾಗಿ ಕಂಡರೂ ಒಳಗೆಲ್ಲ ರಂಧ್ರಮಯ. ಒಂದೇ ಗ್ರಾಂ ಅಲ್ಯೂಮಿನಾದ ಒಳಹೊರಗಿನ ಮೈಯನ್ನು ಬಿಡಿಸಿ ಹಾಸಿದರೆ 100 ಚದರ ಮೀಟರಿಗೂ ಮಿಕ್ಕೀತು. ಅದರ ಮೇಲೆ ಕಣ್ಣಿಗೆ ಕಾಣದ ಕಣಗಳಾಗಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಮೂರು ಲೋಹಗಳನ್ನು ಹರಡಿರುತ್ತಾರೆ. ಒಂದು ಸಣ್ಣ ಕಾರಿನಲ್ಲಿ ಇವೆಲ್ಲ ಸೇರಿ ಕೆಲವೇ ಗ್ರಾಮುಗಳಷ್ಟು.

ಇವುಗಳ ಹೆಸರುಗಳಲ್ಲಿಯೂ ಕಥೆಗಳಿವೆ. ದಕ್ಷಿಣ ಅಮೆರಿಕದ ನದಿಗಳಲ್ಲಿ ಚಿನ್ನ ತೊಳೆಯುತ್ತಿದ್ದ ಸ್ಪೇನಿನವರು, ಚಿನ್ನದೊಡನೆ ಬರುತ್ತಿದ್ದ ಕರಗದ ಬಿಳಿಯ ಕಣಗಳನ್ನು ಕಿರುಬೆಳ್ಳಿ ಎಂಬ ತಾತ್ಸಾರದ ಅರ್ಥದಲ್ಲಿ ‘ಪ್ಲಾಟಿನಾ’ ಎಂದರು. ಪಲೇಡಿಯಮ್ಮಿಗೆ ಆಗತಾನೇ ಕಂಡುಬಂದಿದ್ದ ಪಲ್ಲಾಸ್ ಎಂಬ ಕ್ಷುದ್ರಗ್ರಹದ ಹೆಸರು. ರೋಡಿಯಂ ಎಂದರೆ ಗುಲಾಬಿ. ಅದರ ಲವಣಗಳು ಗುಲಾಬಿಗೆಂಪು. ಈ ಎರಡನ್ನೂ 1802ರಿಂದ 1804ರ ಅವಧಿಯಲ್ಲಿ ಲಂಡನ್ನಿನ ವೊಲಾಸ್ಟನ್ ಎಂಬೊಬ್ಬನೇ ಬೇರ್ಪಡಿಸಿದನು. ಕಾರಿನಲ್ಲಿ ಇವುಗಳ ಕೆಲಸ ಹಂಚಿಕೆಯಾಗಿದೆ. ಎಂಜಿನ್ನಿನಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಪೆಟ್ರೋಲನ್ನೂ ಪ್ಲಾಟಿನಂ ಮತ್ತು ಪಲೇಡಿಯಮ್ಮುಗಳು ಆಮ್ಲಜನಕದೊಡನೆ ಕೂಡಿಸಿ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಮಾಡುತ್ತವೆ. ಸಾರಜನಕದ ಆಕ್ಸೈಡುಗಳನ್ನು ಒಡೆದು ನಿರುಪದ್ರವಿಯಾದ ಸಾರಜನಕವನ್ನಾಗಿಸುವುದು ಮುಖ್ಯವಾಗಿ ರೋಡಿಯಮ್ಮಿನ ಹೊಣೆ.

ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಈ ಡಬ್ಬಿ ವ್ಯಾಪಕವಾಗಿ ಬಂದಿತು. ನಮ್ಮಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು. ಅದರೊಡನೆಯೇ ಸೀಸವಿಲ್ಲದ ಪೆಟ್ರೋಲನ್ನೂ ತರಬೇಕಾಯಿತು. 2000ದ ಹೊತ್ತಿಗೆ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ನಿಯಮಗಳಿಂದಾಗಿ ಈಗ ದ್ವಿಚಕ್ರವಾಹನದ ಹೊಗೆಗೊಳವೆಯಲ್ಲಿಯೂ ಈ ಲೋಹಗಳು ಸೇರಿಕೊಂಡಿವೆ. ನಮ್ಮೂರಿನ ಸಂತೆಯ ದಿನ ನಿಂತ ಗಾಡಿಗಳ ಸಾಲಿನಲ್ಲಿ ಎಷ್ಟು ಪ್ಲಾಟಿನಂ ಇದ್ದೀತೆಂದು ಯೋಚಿಸಿದರೆ ಸೋಜಿಗವಾಗುತ್ತದೆ.

ಸೀಸವನ್ನು ಏಕೆ ತೆಗೆಯಬೇಕಾಯಿತು? ಮನುಷ್ಯರಿಗೆ, ವಿಶೇಷವಾಗಿ ಮಕ್ಕಳಿಗೆ, ಅದು ವಿಷ. ಅದು ಮೊದಲ ಕಾರಣ. ಕ್ರಿಯಾವರ್ಧಕಕ್ಕೂ ಅದು ವಿಷವೆಂಬುದು ಎರಡನೆಯದು. ಸೀಸದ ಕಣಗಳು ಪ್ಲಾಟಿನಮ್ಮಿನ ಮೈಯನ್ನು ಮುಚ್ಚಿ ಕುಳಿತರೆ ಅನಿಲಗಳಿಗೆ ಕೂಡಲು ಜಾಗವೇ ಇಲ್ಲದಾಗುತ್ತದೆ. ಇಲ್ಲಿಗೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ತೊಡಗುತ್ತದೆ. ಆ ತಂತಿ ಮುಪ್ಪಾಗುತ್ತದೆ. ಮುಪ್ಪಿನ ಬಗೆಗಳು ಹಲವು. ವಿಷದ ವಿಚಾರ ಹೇಳಿದೆ. ಸೀಸದಂತೆ ಗಂಧಕವೂ, ಎಂಜಿನ್ ಎಣ್ಣೆಯ ರಂಜಕವೂ ಅದೇ ಹಾನಿಯನ್ನು ಮಾಡುತ್ತವೆ. ಅತಿಯಾದ ಶಾಖದಲ್ಲಿ ಬಿಡಿಬಿಡಿಯಾಗಿ ಹರಡಿದ್ದ ಕಣಗಳು ಹರಿದಾಡಿ ಒಂದಕ್ಕೊಂದು ಅಂಟಿ ದಪ್ಪಗಾಗುವುದು ಇನ್ನೊಂದು ಬಗೆ. ಆಗ ಲೋಹ ಅಷ್ಟೇ ಇರುತ್ತದೆ, ಅದರ ಮೈ ಮಾತ್ರ ಕುಗ್ಗುತ್ತದೆ. ಮಸಿ ಕಟ್ಟಿಕೊಳ್ಳುವುದು, ಪಿಂಗಾಣಿ ಸೀಳಿ ಕಿಂಡಿಗಳು ಮುಚ್ಚುವುದು ಮೂರನೆಯ ಬಗೆ. ನನ್ನ ಕಾರಿಗೆ ಆದದ್ದು ಇದು.

ವಿನೋದವೆಂದರೆ, ಎಲಿಯಟ್ ಆರಿಸಿಕೊಂಡ ಉದಾಹರಣೆಯಲ್ಲಿಯೇ ಈ ಮುಪ್ಪಿನ ಇತಿಹಾಸ ಅಡಗಿದೆ. ಗಂಧಕದ ಡೈಆಕ್ಸೈಡನ್ನು ಪ್ಲಾಟಿನಮ್ಮಿನ ಮೇಲೆ ಹಾಯಿಸುವ ವಿಧಾನಕ್ಕೆ 1831ರಲ್ಲಿ ಸ್ವಾಮ್ಯಪತ್ರ ಪಡೆದವನು ಬ್ರಿಸ್ಟಲ್ ನಗರದ ಪೆರಿಗ್ರೀನ್ ಫಿಲಿಪ್ಸ್ ಎಂಬ ವಿನಿಗರ್ ವ್ಯಾಪಾರಿ. ಆದರೆ ಅದು ದೊಡ್ಡ ಉದ್ಯಮವಾಗಲು ಆ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಗಂಧಕದ ಅದಿರಿನೊಡನೆ ಬರುತ್ತಿದ್ದ ಪಾಷಾಣ ಪ್ಲಾಟಿನಮ್ಮಿನ ಶಕ್ತಿಯನ್ನು ಕೊಂದುಹಾಕುತ್ತಿತ್ತೆಂಬುದು ಅದಕ್ಕೊಂದು ಮುಖ್ಯ ಕಾರಣ. ಅನಿಲವನ್ನು ಚೆನ್ನಾಗಿ ತೊಳೆದು ಶುದ್ಧಿಮಾಡುವುದನ್ನು ಕಲಿತ ಮೇಲೆಯೇ ಕಾರ್ಖಾನೆಗಳು ನಡೆದವು. ಆಮೇಲೆ ಪ್ಲಾಟಿನಮ್ಮಿನ ಸ್ಥಾನಕ್ಕೆ ಅಗ್ಗವಾದ, ವಿಷವನ್ನು ಹೆಚ್ಚು ತಾಳಬಲ್ಲ ವೆನೇಡಿಯಂ ಆಕ್ಸೈಡ್ ಬಂದಿತು. ಆಮ್ಲದ ಹೆಸರಿನಲ್ಲಿಯೂ ಎಲಿಯಟ್ ಕೊಂಚ ಎಡವಿದ್ದಾನೆ. ಪ್ಲಾಟಿನಂ ಕೂಡಿಸುವುದು ಗಂಧಕದ ಟ್ರೈಆಕ್ಸೈಡನ್ನು. ಅದು ನೀರಿನೊಡನೆ ಸೇರಿದರೆ ಆಗುವುದು ಸಲ್ಫ್ಯೂರಿಕ್ ಆಮ್ಲ, ಆತ ಹೇಳಿದ ಸಲ್ಫ್ಯೂರಸ್ ಆಮ್ಲವಲ್ಲ. ಇದರಿಂದ ಕವಿಯ ವಾದಕ್ಕೆ ದೊಡ್ಡ ಊನವೇನೂ ಇಲ್ಲವೆನ್ನಿ.

ಮುಪ್ಪಾದ ಮೇಲೂ ಲೋಹ ಲೋಹವೇ. ಕೆಲಸ ನಿಂತಿದೆ, ಬೆಲೆ ನಿಂತಿಲ್ಲ. ಇಲ್ಲಿಂದ ಹಕ್ಕಲಿನ ಕಥೆ ಮೊದಲಾಗುತ್ತದೆ.

ಹಕ್ಕಲು ಎಂಬ ಮಾತನ್ನು ಈಗಿನ ಮಕ್ಕಳಿಗೆ ವಿವರಿಸಬೇಕಾಗಿದೆ. ಕೊಯ್ಲು ಮುಗಿದ ಹೊಲದಲ್ಲಿ ಅಲ್ಲಲ್ಲಿ ಉದುರಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದಕ್ಕೆ ಹಕ್ಕಲಾಯುವುದು ಎನ್ನುತ್ತೇವೆ. ಲೋಹದ ಹಕ್ಕಲು ನಮ್ಮ ಸೀಮೆಗೆ ಹೊಸತಲ್ಲ. ನೆರೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ಮರದ ತಟ್ಟೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದ ಜಾಲಗಾರರ ವಿಚಾರವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಬರೆದಿದ್ದಾನೆ. ಅಕ್ಕಸಾಲೆಯ ಕುಲುಮೆಯ ಬೂದಿಯನ್ನೂ ಅಂಗಡಿಯ ಕಸವನ್ನೂ ಕೊಂಡು ತೊಳೆದು ಬದುಕುವವರು ನಮ್ಮ ಸರಾಫ ಬೀದಿಗಳಲ್ಲಿ ಬಹುಕಾಲದಿಂದ ಇದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ನಡೆಯುತ್ತಿರುವ ಚಿನ್ನದ ಗಣಿಯ ಜಾಗದಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಅಗೆತ ನಡೆದಿತ್ತು. ಆ ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಎಂಬ ಗಣಿ ಎಂಜಿನಿಯರನಿಂದ. ಚಿನ್ನವನ್ನು ಅರಸುತ್ತಿದ್ದವನಿಗೆ ಸಾಮ್ರಾಟನೊಬ್ಬ ಸಿಕ್ಕಿದ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ ಅಲ್ಲಿಯ ಸೈನೈಡ್ ದಿಬ್ಬಗಳಲ್ಲಿ ಅಳಿದುಳಿದ ಚಿನ್ನವಿದೆ. ಆ ದಿಬ್ಬಗಳನ್ನು ಮತ್ತೆ ಜಾಲಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು.

ಪ್ಲಾಟಿನಮ್ಮಿನ ಗಣಿ ನಮ್ಮಲ್ಲಿಲ್ಲ. ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಳಿಯ ಬಂಡೆಗಳಲ್ಲಿ ಈ ಗುಂಪಿನ ಲೋಹಗಳ ಇರವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ಅಷ್ಟೆ. ಜಗತ್ತಿನ ಪ್ಲಾಟಿನಮ್ಮಿನ ಬಹುಪಾಲು ದಕ್ಷಿಣ ಆಫ್ರಿಕದ ನೆಲದಿಂದ ಬರುತ್ತದೆ. ಅಲ್ಲಿ ಆಳದಿಂದ ಒಂದು ಟನ್ ಬಂಡೆಯನ್ನು ಎತ್ತಿದರೆ ಸಿಕ್ಕುವ ಈ ಲೋಹಗಳು ಸಾಮಾನ್ಯವಾಗಿ 3ರಿಂದ 6 ಗ್ರಾಂ. ಕಾರಿನ ಡಬ್ಬಿಯೊಳಗಿನ ಪಿಂಗಾಣಿಯಲ್ಲಾದರೋ ಒಂದು ಕಿಲೋಗ್ರಾಮಿಗೆ 1ರಿಂದ 3 ಗ್ರಾಂ. ಹೊಲದ ಬೆಳೆಗಿಂತ ಹಕ್ಕಲೇ ನೂರಾರು ಪಾಲು ಸಮೃದ್ಧ! ಹೀಗಾಗಿ ಗುಜರಿಯ ಹುಡುಗ ಒಡೆಯುತ್ತಿದ್ದುದು, ಜಗತ್ತಿನ ಯಾವ ಗಣಿಯೂ ಕೊಡಲಾರದಷ್ಟು ಶ್ರೀಮಂತವಾದ ಅದಿರನ್ನು.

ಇದನ್ನು ಕ್ರಮವಾಗಿ ಮರಳಿ ಪಡೆಯುವ ಬಗೆ ಹೇಗೆ? ಮೊದಲು ಉಕ್ಕಿನ ಕವಚವನ್ನು ಯಂತ್ರದಿಂದ ಕತ್ತರಿಸಿ, ಧೂಳನ್ನು ಹೀರಿಕೊಳ್ಳುವ ಏರ್ಪಾಡಿನೊಳಗೆ ಪಿಂಗಾಣಿಯನ್ನು ಹೊರತೆಗೆದು ಹಿಟ್ಟಾಗಿ ಅರೆಯುತ್ತಾರೆ. ಅನಂತರದ ಹೆಜ್ಜೆ ಮಾದರಿ ತೆಗೆಯುವುದು. ಇದು ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಭತ್ತದ ವ್ಯಾಪಾರಿ ಚೀಲಕ್ಕೆ ಮೊನಚಾದ ಕೊಳವೆಯನ್ನು ಚುಚ್ಚಿ, ಹಿಡಿಯಷ್ಟು ಕಾಳನ್ನು ಹೊರತೆಗೆದು ಇಡೀ ಲಾರಿಯ ಬೆಲೆಯನ್ನು ಕಟ್ಟುತ್ತಾನಲ್ಲವೆ? ಚುಚ್ಚಿದ ಜಾಗ ಮೋಸದ್ದಾದರೆ ರೈತ ಮುಳುಗಿದ. ಇಲ್ಲಿಯೂ ಹಾಗೆಯೇ. ಅರೆದ ಹಿಟ್ಟನ್ನು ಚೆನ್ನಾಗಿ ಬೆರೆಸಿ, ಪಾಲುಮಾಡಿ, ಮತ್ತೆ ಬೆರೆಸಿ, ಕೊನೆಗುಳಿದ ಚಿಟಿಕೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಲೋಹದ ಪ್ರಮಾಣವನ್ನು ನಿಶ್ಚಯಿಸುತ್ತಾರೆ. ಕೊಡುವವನಿಗೂ ಕೊಳ್ಳುವವನಿಗೂ ನಡುವಣ ನ್ಯಾಯವೆಲ್ಲ ಆ ಚಿಟಿಕೆಯಲ್ಲಿದೆ. ತೂಕದ ಮೇಲೆ ಒಯ್ಯುವವನಿಗೆ ಡಬ್ಬಿ ಮಾರುವ ನಮ್ಮಂಥವರಿಗೆ ಈ ನ್ಯಾಯ ದೊರೆಯುವುದೇ ಇಲ್ಲ.

ಆ ಬಳಿಕ ಕುಲುಮೆ. ಪಿಂಗಾಣಿಯ ಹಿಟ್ಟನ್ನು ಸುಣ್ಣ ಮೊದಲಾದವುಗಳೊಡನೆಯೂ, ತಾಮ್ರ ಅಥವಾ ಕಬ್ಬಿಣದಂಥ ಒಂದು ಸಂಗ್ರಾಹಕ ಲೋಹದೊಡನೆಯೂ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ 1500 ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ, ಕರಗಿಸುತ್ತಾರೆ. ಪಿಂಗಾಣಿ ಕರಗಿ ಕಿಟ್ಟವಾಗಿ ಮೇಲೆ ತೇಲುತ್ತದೆ. ಕರಗಿದ ತಾಮ್ರದ ಹನಿಗಳು ಕೆಳಗಿಳಿಯುವಾಗ ದಾರಿಯಲ್ಲಿ ಸಿಕ್ಕ ಪ್ಲಾಟಿನಂ ಬಳಗವನ್ನೆಲ್ಲ ತಮ್ಮೊಳಕ್ಕೆ ಸೆಳೆದುಕೊಂಡು ತಳದಲ್ಲಿ ನಿಲ್ಲುತ್ತವೆ. ಕೆಲವು ಟನ್ನುಗಳಲ್ಲಿ ಚದರಿಹೋಗಿದ್ದುದು ಹೀಗೆ ಒಂದು ಗಟ್ಟಿಯಲ್ಲಿ ಕೂಡಿಬರುತ್ತದೆ.

ಕೊನೆಯದು ಆಮ್ಲಗಳ ಕೆಲಸ. ಸಂಗ್ರಾಹಕ ಲೋಹವನ್ನು ಕರಗಿಸಿ ತೆಗೆದ ಮೇಲೆ ಉಳಿದ ಗಸಿಯನ್ನು ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಕ್ಲೋರಿನ್ನಿನಿಂದಲೋ, ಹೈಡ್ರೊಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯದಿಂದಲೋ ಕರಗಿಸುತ್ತಾರೆ. ಅಕ್ವಾ ರೀಜಿಯ ಎಂದರೆ ರಾಜೋದಕ. ಚಿನ್ನವನ್ನೂ ಪ್ಲಾಟಿನಮ್ಮನ್ನೂ ಕರಗಿಸಬಲ್ಲುದಾದ್ದರಿಂದ ಆ ಹೆಸರು. ಪ್ಲಾಟಿನಂ ಕರಗಿದ ದ್ರಾವಣಕ್ಕೆ ನಮ್ಮ ಅಕ್ಕಸಾಲಿಗರ ಪೆಟ್ಟಿಗೆಯಲ್ಲಿರುವ ನವಸಾಗರವನ್ನೇ ಸೇರಿಸಿದರೆ ಹಳದಿಯ ಗಸಿ ಇಳಿಯುತ್ತದೆ. ಅದನ್ನು ಸೋಸಿ ಕಾಯಿಸಿದರೆ ಉಳಿಯುವುದು ಬೂದುಬಣ್ಣದ, ಹಗುರವಾಗಿ ಕಾಣುವ ಶುದ್ಧ ಪ್ಲಾಟಿನಂ. ಡೋಬರೈನರ್ ದೀಪ ಹೊತ್ತಿಸಿದ್ದು ಇಂಥ ಪುಡಿಯಿಂದಲೇ. ಪಲೇಡಿಯಂ ಬೇರೊಂದು ದಾರಿಯಲ್ಲಿ ಇಳಿಯುತ್ತದೆ. ರೋಡಿಯಂ ಎಲ್ಲರಿಗಿಂತ ಹಟಮಾರಿ. ಸಾಮಾನ್ಯವಾಗಿ ಕೊನೆಗೆ ಕೈಗೆ ಬರುವುದು ಅದೇ. ಒಳ್ಳೆಯ ಕಾರ್ಖಾನೆಗಳಲ್ಲಿ ಪ್ಲಾಟಿನಂ ಮತ್ತು ಪಲೇಡಿಯಮ್ಮುಗಳಲ್ಲಿ ನೂರಕ್ಕೆ 95ಕ್ಕೂ ಮಿಕ್ಕು ಮರಳಿ ದೊರೆಯುತ್ತದೆ. ಮುಂಬಯಿಯ ಬಳಿಯ ಹಿಂದೂಸ್ತಾನ್ ಪ್ಲಾಟಿನಂ, ಉದಯಪುರದ ರವೀಂದ್ರ ಹೆರೇಯಸ್ ಮೊದಲಾದ ಸಂಸ್ಥೆಗಳು ನಮ್ಮ ದೇಶದಲ್ಲಿ ಅಮೂಲ್ಯ ಲೋಹಗಳ ಈ ಮರುಗಳಿಕೆಯನ್ನು ನಡೆಸುತ್ತಿವೆ.

ದೊಡ್ಡ ಉದ್ಯಮಗಳು ಈ ಹಕ್ಕಲನ್ನು ಎಂದೂ ಮರೆತಿಲ್ಲ. ಮಂಗಳೂರಿನ ತೈಲ ಶುದ್ಧೀಕರಣಾಗಾರದಂಥ ಕಡೆಗಳಲ್ಲಿ ನಾಫ್ತಾವನ್ನು ಉತ್ತಮ ಪೆಟ್ರೋಲನ್ನಾಗಿ ಮಾರ್ಪಡಿಸುವ ಘಟಕಗಳಿವೆ. ಅಲ್ಲಿ ಬಳಸುವ, ಸಾಸಿವೆಗಿಂತ ತುಸು ದಪ್ಪದ ಅಲ್ಯೂಮಿನಾ ಗುಂಡುಗಳಲ್ಲಿ ಇರುವ ಪ್ಲಾಟಿನಂ ನೂರಕ್ಕೆ ಕಾಲು ಭಾಗದ ಹತ್ತಿರ ಹತ್ತಿರ. ಮಸಿ ಕಟ್ಟಿದಾಗ ಅದನ್ನು ಸುಟ್ಟು ಮತ್ತೆ ಮತ್ತೆ ಬಳಸುತ್ತಾರೆ. ತೀರ ಮುಪ್ಪಾದಾಗ ಮುದ್ರೆ ಹಾಕಿದ ಪೀಪಾಯಿಗಳಲ್ಲಿ ಮರುಗಳಿಕೆಗೆ ಕಳುಹಿಸಿ, ಗ್ರಾಂ ಗ್ರಾಮಿಗೂ ಲೆಕ್ಕ ಕೇಳುತ್ತಾರೆ. ನೈಟ್ರಿಕ್ ಆಮ್ಲದ ಕಾರ್ಖಾನೆಗಳದು ಇನ್ನೂ ಸೊಗಸಾದ ಕಥೆ. ಅಲ್ಲಿ ಪ್ಲಾಟಿನಂ ಮತ್ತು ರೋಡಿಯಂ ಎಳೆಗಳಿಂದ ನೆಯ್ದ ಬಲೆಗಳ ಮೂಲಕ ಅಮೋನಿಯ ಮತ್ತು ಗಾಳಿಯನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಹಾಯಿಸುತ್ತಾರೆ. ಆ ಬಿರುಬಿಸಿಲಿನಲ್ಲಿ ಪ್ಲಾಟಿನಂ ಕೂಡ ಆಕ್ಸೈಡಿನ ಆವಿಯಾಗಿ ಇಷ್ಟಿಷ್ಟೇ ಹಾರಿಹೋಗುತ್ತದೆ. ಅದನ್ನು ಹಿಡಿಯಲು ಕೆಳಗೆ ಪಲೇಡಿಯಮ್ಮಿನ ಇನ್ನೊಂದು ಬಲೆಯನ್ನು ಹಾಸಿರುತ್ತಾರೆ. ಗಾಳಿಯಲ್ಲಿ ಹೋಗುವ ಲೋಹವನ್ನು ಗಾಳಿಯಲ್ಲಿಯೇ ಹಕ್ಕಲಾಯುವುದೆಂದರೆ ಇದು.

ಹೀಗೆ ಕಾರ್ಖಾನೆಯ ಕ್ರಿಯಾವರ್ಧಕಕ್ಕೆ ಒಡೆಯನಿದ್ದಾನೆ, ಲೆಕ್ಕವಿದೆ, ಬಲೆಯಿದೆ. ನಮ್ಮ ನಿಮ್ಮ ಗಾಡಿಗಳ ಡಬ್ಬಿಗಳು ಸಾವಿರ ಊರುಗಳಲ್ಲಿ ಚದರಿವೆ. ಅವುಗಳಿಗೆ ಒಡೆಯನೆಂದರೆ ಸದ್ಯಕ್ಕೆ ಸುತ್ತಿಗೆ ಹಿಡಿದ ಹುಡುಗ. ನನಗೆ ಕಳವಳ ತರುವ ಸಂಗತಿ ಇದು. ಆ ಪುಡಿಯಲ್ಲಿ ಸೂಕ್ಷ್ಮವಾದ ಪಿಂಗಾಣಿಯ ಧೂಳಿದೆ. ಹುಟ್ಟಿನ ಸುತ್ತ ಹಾಸಿದ ಮೆತ್ತೆಯ ನಾರುಗಳಿವೆ. ಉಸಿರಿನೊಡನೆ ಒಳಗೆ ಹೋದ ಇಂಥ ಧೂಳನ್ನು ಶ್ವಾಸಕೋಶ ಸುಲಭವಾಗಿ ಹೊರಗೆ ಹಾಕಲಾರದು. ಇನ್ನು ಮನೆಯ ಹಿತ್ತಲಲ್ಲಿ ಬಕೀಟಿನೊಳಗೆ ಆಮ್ಲ ಸುರಿದು ಲೋಹ ತೆಗೆಯಲು ಹೊರಟರಂತೂ ರಾಜೋದಕದಿಂದ ಏಳುವ ಕಂದುಬಣ್ಣದ ಹೊಗೆ ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಸಿ ಪ್ರಾಣವನ್ನೇ ತೆಗೆಯಬಲ್ಲುದು. ಪ್ಲಾಟಿನಂ ಲೋಹ ನಿರುಪದ್ರವಿ; ಆದರೆ ನಾನು ಮೇಲೆ ಹೇಳಿದ ಹಳದಿಯ ಗಸಿಯಂಥ ಅದರ ಲವಣಗಳು ಕೆಲವರ ಮೈಗೆ ಹಿಡಿದು, ಉಬ್ಬಸದಂಥ ಕಾಯಿಲೆಯನ್ನು ತರುತ್ತವೆ. ಶುದ್ಧೀಕರಣದ ಕಾರ್ಮಿಕರಲ್ಲಿ ವೈದ್ಯರು ಇದನ್ನು 1940ರ ದಶಕದಲ್ಲಿಯೇ ವಿವರಿಸಿದ್ದರು. ಕೊನೆಗೆ ಚರಂಡಿಗೆ ಚೆಲ್ಲಿದ ಆಮ್ಲ ಹೋಗುವುದೆಲ್ಲಿಗೆ? ನಮ್ಮೂರಲ್ಲಿ ಚರಂಡಿಯ ಕೊನೆ ಎಂದರೆ ಗದ್ದೆ.

ಬೆಲೆಯ ಆಸೆ ಕಳ್ಳತನವನ್ನೂ ಕಲಿಸಿದೆ. 2021ರಲ್ಲಿ ರೋಡಿಯಮ್ಮಿನ ಬೆಲೆ ಒಂದು ಔನ್ಸಿಗೆ 28,000 ಡಾಲರುಗಳನ್ನು ದಾಟಿ, ಚಿನ್ನಕ್ಕಿಂತ ಹತ್ತು ಪಟ್ಟಿಗೂ ಮೇಲೆ ಹೋಗಿತ್ತು. ಆ ಕಾಲದಲ್ಲಿ ಅಮೆರಿಕದಲ್ಲಿ ರಾತ್ರಿ ನಿಲ್ಲಿಸಿದ ಕಾರುಗಳ ಕೆಳಗಿನಿಂದ ಡಬ್ಬಿಗಳನ್ನು ಕೊಯ್ದೊಯ್ಯುವುದು ಪಿಡುಗಾಯಿತು; ನಮ್ಮ ನಗರಗಳಿಂದಲೂ ಅಂಥ ಸುದ್ದಿಗಳು ಬಂದಿವೆ. ನನ್ನದನ್ನು ಯಾರೂ ಕದಿಯಬೇಕಾಗಲಿಲ್ಲ. ನಾನೇ ಕೊಟ್ಟು ಬಂದೆ.

ಕಾನೂನು ಇಲ್ಲದೆ ಇಲ್ಲ. ಗಾಡಿಯನ್ನು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಮಾರ್ಪಡಿಸುವುದು 1988ರ ಮೋಟಾರು ವಾಹನ ಕಾಯಿದೆಗೆ ವಿರುದ್ಧ. ಅಪಾಯಕಾರಿ ತ್ಯಾಜ್ಯಗಳನ್ನು ಸಂಸ್ಕರಿಸುವವರು 2016ರ ನಿಯಮಗಳಂತೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆದಿರಬೇಕು. ಆಯುಷ್ಯ ಮುಗಿದ ವಾಹನಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಈ ನಿಯಮಗಳು ಶ್ರೀರಾಮನಗರದ ಗುಜರಿ ಅಂಗಡಿಯವರೆಗೆ ನಡೆದು ಬರಲು ಎಷ್ಟು ಕಾಲ ಬೇಕೋ ಹೇಳಲಾರೆ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸ್ವಲ್ಪವೇ: ದುರಸ್ತಿಯವರು ಡಬ್ಬಿಯನ್ನು ತೆಗೆಯುತ್ತೇವೆಂದರೆ ಅದರ ಬದಲಿಗೆ ಅಂಥದೇ ಇನ್ನೊಂದನ್ನು ಹಾಕಿಸುವುದು, ಹಳೆಯದನ್ನು ಒಡೆಯಲು ಕೊಡದೆ ಇಡಿಯಾಗಿಯೇ ಅಧಿಕೃತ ಸಂಗ್ರಾಹಕರಿಗೆ ತಲುಪಿಸುವುದು, ಎಲ್ಲಕ್ಕಿಂತ ಮೊದಲು ಅದು ಕಸವಲ್ಲವೆಂದು ತಿಳಿದಿರುವುದು.

ನಾನು ನನ್ನ ಕಾರಿಗೆ ಹೊಸ ಡಬ್ಬಿಯನ್ನು ಹಾಕಿಸಿದೆ. ಪಿಂಚಣಿದಾರನ ಕೈಗೆ ಅದು ಹಗುರವಾದ ಖರ್ಚಲ್ಲ. ಹಳೆಯದಕ್ಕೆ ಸಿಕ್ಕ ಎಂಟುನೂರನ್ನು ನೆನೆದಾಗ ನಗುವೂ ಬಂತು. ಗುಜರಿ ಅಂಗಡಿಗೆ ಹೋಗಿ, ನನಗೆ ತಿಳಿದದ್ದನ್ನೆಲ್ಲ ಆ ಹುಡುಗನಿಗೂ ಅಂಗಡಿಯ ಯಜಮಾನನಿಗೂ ಹೇಳಿದೆ. ಯಜಮಾನ ಗೌರವದಿಂದ ಕೇಳಿದರು. ಈಗ ಡಬ್ಬಿಗಳನ್ನು ಅಲ್ಲಿ ಒಡೆಯುತ್ತಿಲ್ಲ, ಇಡಿಯಾಗಿಯೇ ಮಾರುತ್ತಾರೆಂದು ಹೇಳುತ್ತಾರೆ. ಹುಡುಗ ಅಲ್ಲಿಯೇ ಇದ್ದಾನೆ. ಅವನ ಕೆಮ್ಮು ಇನ್ನೂ ಹೋಗಿಲ್ಲ. ಗಂಗಾವತಿಯ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿದ್ದೆ, ಮತ್ತೆ ಹೋಗಬೇಕಾಗಿದೆ.

ನನ್ನ ತರಗತಿಯ ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ. ಈ ಮಾತು ಅವನ ಕಿವಿಗೆ ಬಿದ್ದರೆ, ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಕೊಡುತ್ತೇನೆ. ಅಪ್ಪಾ, ಆ ತಂತಿ ಒಂದು ನಿಯತವಾದ ಕಾಲದವರೆಗೆ ಬಾಳುತ್ತದೆ. ತಾನು ಕೂಡಿಸಿದ ಪದಾರ್ಥಗಳಲ್ಲಿ ಬೆರೆಯದಿದ್ದರೂ ಅವು ಹೊತ್ತು ತಂದ ಕೊಳೆ ಅದರ ಮೈಗೆ ಅಂಟದೆ ಇರುವುದಿಲ್ಲ. ಕವಿಯ ಮನಸ್ಸಿನ ವಿಚಾರದಲ್ಲಿಯೂ ಇದು ನಿಜವೆಂದು ನನಗೆ ಈಗ ತೋರುತ್ತದೆ, ಮೇಷ್ಟರ ಮನಸ್ಸಿನ ವಿಚಾರದಲ್ಲಂತೂ ಸಂದೇಹವೇ ಇಲ್ಲ. ಅಂದು ನಿನ್ನನ್ನು ಕಂಡು ನಾನು ನಗಬಾರದಾಗಿತ್ತು.